ಚಿಗರಿಗಳಿಗೆ ನೀವು ಹಾಕದ ಚುಚ್ಚುಮದ್ದು

ಕೃಷ್ಣಮೃಗಗಳ ಸಂತಾನ ತಡೆಯುವ ಚುಚ್ಚುಮದ್ದಿನ ಭರವಸೆ ಕೊಟ್ಟು ಹೋದ ವನ್ಯಜೀವಿ ಅಧಿಕಾರಿಗಳೇ,

ನಿಮ್ಮ ಮದ್ದು ಬರಲಿಲ್ಲ. ನಮ್ಮ ಹೊಲದಲ್ಲಿ ಬಸುರಿ ಚಿಗರಿಯೊಂದು ಬಡಿಗೆಯ ಏಟಿಗೆ ಸತ್ತಿತು, ನಿಮ್ಮದೇ ಕಾವಲುಗಾರ ಹಾಲೇಶಪ್ಪನ ಒಂದು ಕಣ್ಣು ಹೋಯಿತು, ಬಡಿಗೆ ಹಿಡಿದ ನನ್ನ ತಮ್ಮ ವಿಜಯಮಹಾಂತೇಶ ಜೈಲಿನಲ್ಲಿದ್ದಾನೆ.

ಕಳೆದ ಬೇಸಿಗೆಯಲ್ಲಿ ಕುಪ್ಪೇಲೂರಿಗೆ ಬಂದು ಪರದೆ ಕಟ್ಟಿ ಚಿತ್ರ ತೋರಿಸಿದಿರಿ. ದೂರದಿಂದ ಸೂಜಿ ಹಾರಿಸಿದರೆ ಹೆಣ್ಣು ಚಿಗರಿ ಮರಿ ಹಾಕುವುದಿಲ್ಲ, ಹಿಂಡು ತಾನಾಗಿಯೇ ಕರಗುತ್ತದೆ, ಇದು ರಕ್ತವಿಲ್ಲದ ಪರಿಹಾರ ಎಂದಿರಿ. ನಾವು ಮನಸಾರೆ ಚಪ್ಪಾಳೆ ತಟ್ಟಿದೆವು. ಮಳೆಯಾಯಿತು, ಗೋವಿನಜೋಳ ಮೊಳೆಯಿತು, ಹಿಂಡು ಬಂದು ಬುಡಸಮೇತ ಮೇಯ್ದಿತು. ಮತ್ತೆ ಬಿತ್ತಿದೆವು, ಮತ್ತೆ ಮೇಯ್ದಿತು. ಕಚೇರಿಗೆ ಹೋದರೆ 'ಪ್ರಸ್ತಾವನೆ ಪರಿಶೀಲನೆಯಲ್ಲಿದೆ' ಎಂಬ ಉತ್ತರ. ಪರಿಶೀಲನೆ ಮುಗಿಯುವವರೆಗೆ ಹಸಿವು ತಡೆದುಕೊಂಡಿರಿ ಎಂದು ಚಿಗರಿಗಳಿಗೂ ತಿಳಿಸಿದ್ದಿರಾ?

ಅಂದು ಬೆಳಿಗ್ಗೆ ಒಂದು ಚಿಗರಿ ಮುಳ್ಳುತಂತಿಯಲ್ಲಿ ಸಿಕ್ಕಿಬಿದ್ದು ಒದ್ದಾಡುತ್ತಿತ್ತು. ತಮ್ಮ ಬಡಿಗೆ ಹಿಡಿದು ಓಡಿದ. ಗಸ್ತಿನಲ್ಲಿದ್ದ ಹಾಲೇಶಪ್ಪ ಅಡ್ಡ ಬಂದ.

"ಬಿಡೋ, ಬಸುರಿ ಐತಿ ಅದು!"

"ಅದಕ್ಕ ಹೊಡ್ಯಾಕತ್ತೇನಿ. ಮರಿ ಹುಟ್ಟಬಾರದಂತ ನಿಮ್ಮ ಸಾಹೇಬ್ರ ಹೇಳ್ಯಾರಲ್ಲ?"

ಹಾಲೇಶಪ್ಪ ಚಿಗರಿಯ ಮೇಲೆ ಅಂಗಾತ ಬಿದ್ದು ಕೈಚಾಚಿದ. ಬಡಿಗೆ ಅವನ ಮುಖಕ್ಕೆ ಬಿತ್ತು. ತಮ್ಮನ ತೋಳಿಗೆ ಜೋತುಬಿದ್ದ ನನ್ನನ್ನೂ ಅವನು ಕೊಡವಿ ಎಸೆದ. ಹಾಲೇಶಪ್ಪ ಹೊರಳಿ ಬಿದ್ದ ಮೇಲೆ ಉಳಿದ ಏಟೆಲ್ಲ ಚಿಗರಿಯ ಹೊಟ್ಟೆಗೆ. ಒಳಗೆ ಮರಿ ಮಿಸುಕಿದ್ದನ್ನು ಕಣ್ಣಾರೆ ಕಂಡೆ, ಅದು ನಿಂತದ್ದನ್ನೂ ಕಂಡೆ. ಆಗ ತಮ್ಮ ಬಡಿಗೆ ಬಿಸಾಕಿ ಕೆಸರಿನಲ್ಲಿ ಕುಸಿದು, ತನ್ನ ಟವೆಲ್ಲಿನಿಂದ ಹಾಲೇಶಪ್ಪನ ಮುಖದ ರಕ್ತ ಒರೆಸತೊಡಗಿದ. "ಯಣ್ಣಾ, ಕಣ್ಣ ತೆಗಿಯೋ, ತೆಗಿಯೋ ಯಣ್ಣಾ" ಎಂದು ಗೋಗರೆದ.

ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ಹಾಲೇಶಪ್ಪನ ಹೆಂಡತಿ ಮೈಲವ್ವ ನನ್ನನ್ನು ಬೈಯಲಿಲ್ಲ. "ಸಾಹೇಬ್ರು ಬಂದಾರೇನ?" ಎಂದಷ್ಟೇ ಕೇಳಿದಳು. ನೀವು ಬರಲಿಲ್ಲ. ನಿಮ್ಮ ಪತ್ರಿಕಾ ಹೇಳಿಕೆ ಬಂತು. ಅದರಲ್ಲಿ ನಾವು ಕ್ರೂರಿಗಳು. ಇರಬಹುದು. ಆದರೆ ನೆಚ್ಚಿದವರನ್ನು ಹೀಗೆ ಕಾಯಿಸುವ ಸೌಮ್ಯತೆಗೆ ನಿಮ್ಮ ಕಚೇರಿಯಲ್ಲಿ ಏನೆನ್ನುತ್ತಾರೆ?

ನನ್ನ ಬೇಡಿಕೆ ಇಷ್ಟೇ. ಮದ್ದು ಹಾಕುವುದಾದರೆ ಈ ಹಂಗಾಮಿನಲ್ಲೇ ಹಾಕಿ. ಆಗದಿದ್ದರೆ ಆಗದೆಂದು ಊರಿಗೆ ಬಂದು, ನಮ್ಮ ಮುಖ ನೋಡಿ ಹೇಳಿ, ಬೇಲಿ ಕಟ್ಟಿಕೊಡಿ. ಅದಕ್ಕೂ ಮೊದಲು ಮೈಲವ್ವನ ಎದುರು ಹೋಗಿ ನಿಲ್ಲಿ.

ಇಂತಿ,
ಬರುವ ವಾರ ನ್ಯಾಯಾಲಯದಲ್ಲಿ ಒಡಹುಟ್ಟಿದವನ ವಿರುದ್ಧ ಸಾಕ್ಷಿ ಹೇಳಲಿರುವ
ಭುವನಾ, ಕುಪ್ಪೇಲೂರು