ವಾರ್ಸಾಗೆ ಹೋದ ಹುಲ್ಲಿನ ದುಡ್ಡು

ಗೋರ್ಟ್‌ಬ್ರ್ಯಾಕ್, ಕಾರ್ಕ್
22 ಮಾರ್ಚ್ 2017, ಬುಧವಾರ

ಮುದ್ದು ನೂಲಾ,

ಮೊದಲು ಆ ಚೀಲಕ್ಕೆ ತುಂಬಿದ ಬಟ್ಟೆ ತೆಗೆದು ಮತ್ತೆ ಬೀರುವಿನಲ್ಲಿಡು. ಆಮೇಲೆ ಕೂತು ಈ ಕಾಗದ ಓದು.

ಓದಿಗೆ ಒಂದು ವರ್ಷ ವಿರಾಮ ಕೊಡ್ತೀನಿ, ತುಂಬಾ ದಣಿದಿದ್ದೀನಿ, ಊರಿಗೆ ಬಂದು ನಿನ್ನ ಜೊತೆ ಡೇರಿ ಅಂಗಡಿಯ ಗಲ್ಲಾದಲ್ಲಿ ಕೂರ್ತೀನಿ ಅಂತ ಬರೆದಿದ್ದೀಯಲ್ಲ, ಅದನ್ನು ನಾಲ್ಕು ಸಲ ಓದಿದೆ. ದಣಿವಂತೆ ದಣಿವು! ಹುಟ್ಟಿದಾಗಿನಿಂದ ಒಂದು ಮಧ್ಯಾಹ್ನ ಮಲಗಿದವಳಲ್ಲ ನೀನು. ಮೂವತ್ತೊಂದನೇ ತಾರೀಕಿನೊಳಗೆ ಫೀಸಿನ ಕಂತು ಕಟ್ಟದಿದ್ದರೆ ಹೆಸರು ತೆಗೆದುಹಾಕ್ತಾರೆ, ಕೇಳಿದರೆ ಅಮ್ಮ ಹೊಟ್ಟೆಗೆ ಬಟ್ಟೆ ಕಟ್ಟಿಕೊಂಡು ಕಳಿಸ್ತಾಳೆ, ಅದಕ್ಕಿಂತ ನಾನೇ ಬಿಟ್ಟುಬಿಡೋಣ ಅಂತ ತಾನೇ? ನಿನ್ನನ್ನು ಹೆತ್ತವಳು ನಾನು, ನೂಲಾ. ಇಲ್ಲಿ ಪಶುವೈದ್ಯದ ಸೀಟು ಸಿಗದೆ ಪೋಲೆಂಡಿನವರೆಗೂ ಹೋದವಳು, ನಾಲ್ಕನೇ ವರ್ಷಕ್ಕೆ ಬಂದು ಬಿಟ್ಟುಬಿಡುವುದೇ?

ದುಡ್ಡು ನಿನ್ನೆ ಮಧ್ಯಾಹ್ನವೇ ಹೋಗಿದೆ. ನಾಲ್ಕು ಸಾವಿರದ ಇನ್ನೂರು ಯೂರೋ, ಪೂರ್ತಿ ಕಂತು. ಈ ಕಾಗದಕ್ಕಿಂತ ಮೊದಲೇ ಬಂದಿರುತ್ತದೆ. ಎಲ್ಲಿಂದ ಬಂತು ಅಂತ ಕೇಳೋಕೆ ಫೋನ್ ಮಾಡಬೇಡ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕ್ತೀಯ, ನಾನು ಅಳ್ತೀನಿ, ಹೇಳಬೇಕಾದ್ದು ಅಲ್ಲೇ ಉಳಿಯುತ್ತದೆ. ಕಾಗದದಲ್ಲಾದರೆ ನಿನ್ನ ಬಾಯಿ ನಡೆಯಲ್ಲ. ಕೊನೆಯವರೆಗೂ ಓದು, ನನ್ನ ಸಹಿಯ ಕೆಳಗಿರುವುದನ್ನೂ ಓದು.

ಈ ಸಲ ಫಾದರ್ ಮನೆಗೇ ಬಂದು ಬೀದಿಯವರನ್ನೆಲ್ಲ ಸೇರಿಸಿ ಮಾಡುವ ಮನೆಪೂಜೆಯ ಸರದಿ ನಮ್ಮದಾಗಿತ್ತು. ಒಂಬತ್ತು ವರ್ಷದ ಮೇಲೆ ನಮ್ಮ ಬಾಗಿಲಿಗೆ ಬಂತು. ಹಿಂದಿನ ಸಲ ನೀನು ಹದಿಮೂರರ ಹುಡುಗಿ, ಫಾದರ್ ಬರುವ ಹೊತ್ತಿಗೆ ಕುರಿಮರಿಯನ್ನು ಒಳಗೆ ತಂದು ಎಲ್ಲರ ಮಾನ ಕಳೆದಿದ್ದೆ, ನೆನಪಿದೆಯಾ? ಸರದಿ ಬಂದ ಮನೆಗೆ ಸುಣ್ಣಬಣ್ಣ ಆಗಬೇಕು, ಅಡುಗೆಮನೆ ಹೊಸದಾಗಬೇಕು, ಇಲ್ಲದಿದ್ದರೆ ಮುಂದಿನ ಸರದಿಯವರೆಗೂ ಬೀದಿಗೆಲ್ಲ ಅದೇ ಮಾತು. ಬಣ್ಣಕ್ಕೆಂದು ಎತ್ತಿಟ್ಟ ದುಡ್ಡು ಜನವರಿಯಲ್ಲಿ ನಿನ್ನ ಬಾಡಿಗೆಗೆ ಹೋಯಿತು. ಅದನ್ನು ನಿನಗೆ ಹೇಳಿರಲಿಲ್ಲ, ಈಗ ಹೇಳಿದೆ. ಒಲೆಯ ಪಕ್ಕದ ಗೋಡೆಗೆ ತೇವ ಹತ್ತಿ ಹಸಿರಾಗಿತ್ತು, ಅದರ ಮೇಲೆ ಡೇರಿಯವರ ಕ್ಯಾಲೆಂಡರ್ ಹಾಕಿದೆ. ಸಾಲಲಿಲ್ಲ, ಇನ್ನೊಂದು ಹಾಕಿದೆ. ಜ್ವರ ಅಂತ ಮುಸುಕು ಹೊದ್ದು ಮಲಗಿಬಿಡಲೇ ಅಂತಲೂ ಯೋಚಿಸಿದೆ. ಆದರೆ ಮನೆಯಲ್ಲಿ ಸಾವಾದರೆ ಮಾತ್ರ ಸರದಿ ಮುಂದೆ ಹೋಗುತ್ತದೆ, ಜ್ವರಕ್ಕೆಲ್ಲ ಹೋಗುವುದಿಲ್ಲ.

ಇದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿತ್ತು. ನೀನು ಹೊರಟ ವರ್ಷ ಚರ್ಚಿನ ಗೇಟಿನ ಹತ್ತಿರ ಯಾರೋ ಕೇಳಿದರು, ಖರ್ಚು ಹೇಗೆ ಅಂತ. ಪೂರ್ತಿ ವಿದ್ಯಾರ್ಥಿವೇತನ ಸಿಕ್ಕಿದೆ ಅಂದುಬಿಟ್ಟೆ. ಬಾಯಿಂದ ಹೇಗೆ ಬಂತೋ ದೇವರಿಗೇ ಗೊತ್ತು. ಅಪ್ಪ ಹೋದಾಗ ಆರು ವಾರ ನಮ್ಮ ಬಾಗಿಲಿಗೆ ದಿನಾ ಯಾರಾದರೂ ಪಾತ್ರೆಯಲ್ಲಿ ಊಟ ತಂದಿಡುತ್ತಿದ್ದರಲ್ಲ, ಆ ಪಾತ್ರೆಗಳನ್ನು ತೊಳೆದು ವಾಪಸು ಕೊಡುವಾಗಿನ ನಾಚಿಕೆ ನನಗೆ ಇನ್ನೊಮ್ಮೆ ಬೇಡವಾಗಿತ್ತು. ಆಮೇಲೆ ಮೂರೂವರೆ ವರ್ಷ ಆ ಸುಳ್ಳನ್ನು ಸಾಕಿದೆ. ಪಕ್ಕದ ಕಾನಿ ಲೂನಿ ಹಾಲಿನ ಕ್ಯಾನು ಹಿಡಿದು ಬಂದಾಗಲೆಲ್ಲ, ನಮ್ಮ ಪಂಡಿತೆ ಹೇಗಿದ್ದಾಳೆ, ಪೋಲೆಂಡಿನ ಸರ್ಕಾರ ಚೆನ್ನಾಗಿ ಸಾಕ್ತಿದೆಯಾ ಅನ್ನುತ್ತಿದ್ದ. ನಾನು ಹೂಂ ಅನ್ನುತ್ತಿದ್ದೆ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಬಂದರು. ನಿಮ್ಮ ಗೋಬ್ನಿಟ್ ಅತ್ತೆಯೂ ಬಂದಳು. ಹನ್ನೊಂದು ವರ್ಷದಿಂದ ನಡುವಿನ ಗೇಟಿಗೆ ಬೀಗ, ಮಾತೂ ಇಲ್ಲ, ಆದರೇನು, ಮನೆಪೂಜೆಗೆ ಬರಲೇಬೇಕು, ಬಂದವರಿಗೆ ಚಹಾ ಕೊಡಲೇಬೇಕು. ನಿಮ್ಮಪ್ಪನ ಅದೇ ಉದ್ದ ಮೂಗು, ಅದೇ ಗತ್ತು. ಒಣದ್ರಾಕ್ಷಿ ಹಾಕಿದ ರೊಟ್ಟಿ ಮೇಜಿನ ಮೇಲಿಟ್ಟು, ಬೇರೆ ಕುರ್ಚಿಯೇ ಇಲ್ಲದವಳ ಹಾಗೆ ಹೋಗಿ ಆ ಎರಡು ಕ್ಯಾಲೆಂಡರಿನ ಕೆಳಗೇ ಕೂತಳು. ಒಂದು ಗೋಡೆಗೆ ಎರಡು ಮಾರ್ಚ್ ಯಾಕೆ ಅಂತ ಅವಳ ಕಣ್ಣು ಕೇಳಿತು.

ಪೂಜೆಗೆ ಮುಂಚೆ ಪಾಪನಿವೇದನೆ. ಮನೆಯೊಡತಿಯೇ ಮೊದಲು ಹೋಗಬೇಕಲ್ಲ, ಹೋದೆ. ಹಜಾರದಲ್ಲಿ ನಿಮ್ಮಪ್ಪನ ಕುರ್ಚಿಯಲ್ಲಿ ಫಾದರ್ ಟೂಮಿ ಕೂತಿದ್ದರು. ವಿದ್ಯಾರ್ಥಿವೇತನದ ಸುಳ್ಳು ಹೇಳಿದೆ, ಫೀಸಿನ ಗಡುವು ಹೇಳಿದೆ, ಮಗಳು ಓದು ಬಿಟ್ಟು ಬರ್ತಾಳೆ ಅಂತ ಕಣ್ಣೀರು ಹಾಕಿದೆ. ಇಷ್ಟೇನಾ ಡೀಲಿಯಾ ಅಂದರು. ಇಷ್ಟೇ ಅಂದೆ. ಇನ್ನೊಮ್ಮೆ ಕೇಳಿದರು, ಇನ್ನೊಮ್ಮೆ ಇಷ್ಟೇ ಅಂದೆ. ಮೂರು ಜಪ ಹೇಳು ಅಂತಾರೆ ಅಂದುಕೊಂಡಿದ್ದೆ. ಅವರು, ಜಪ ಗಿಪ ಬೇಡಮ್ಮ, ನಿಜವನ್ನು ಯಾರಿಗೆ ಹೇಳೋಕೆ ನಿನಗೆ ಎಲ್ಲಕ್ಕಿಂತ ಕಷ್ಟವೋ ಅವರಿಗೆ ಈಸ್ಟರ್ ಒಳಗೆ ಹೇಳು, ಅದೇ ಪ್ರಾಯಶ್ಚಿತ್ತ ಅಂದುಬಿಟ್ಟರು. ಹೊರಗೆ ಬಂದರೆ ಕಾನಿ ಗಡಿಯಾರ ನೋಡುತ್ತಾ, ಹದಿನೈದು ನಿಮಿಷ ಆಯ್ತು, ಡೀಲಿಯಾ ಎಲ್ಲೋ ಬ್ಯಾಂಕ್ ದರೋಡೆ ಮಾಡಿರಬೇಕು, ನಮ್ಮ ಪಾಪಗಳಿಗೆ ಟೈಮೇ ಉಳಿಸಲಿಲ್ಲ ಅಂದ. ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ.

ತಿಂಡಿ ಮುಗಿಸಿ ಎಲ್ಲರೂ ಹೊರಟರು. ಅವಳು ಮಾತ್ರ ಕೋಟು ಬಿಚ್ಚಿ ತೋಳು ಮಡಚಿದಳು. ಮನೆಪೂಜೆಯ ಪಾತ್ರೆ ತೊಳೆಯೋಕೆ ಗಂಡನ ಕಡೆಯ ಹೆಂಗಸೊಬ್ಬಳು ಉಳಿಯಬೇಕು, ಹಿಂದಿನ ಸಲ ನಮ್ಮ ಚಿಕ್ಕಮ್ಮ ಬದುಕಿದ್ದಳು, ಈಗ ಈ ಮನೇಲಿ ನಾನಲ್ಲದೆ ಇನ್ಯಾರಿದ್ದಾರೆ ಅಂದಳು. ಹನ್ನೊಂದು ವರ್ಷದಲ್ಲಿ ಅವಳು ನನಗೆ ಆಡಿದ ಮೊದಲ ಮಾತು. ಅವಳು ತೊಳೆದಳು, ನಾನು ಒರೆಸಿದೆ. ಏಳನೆಯದೋ ಎಂಟನೆಯದೋ ಬಟ್ಟಲು ಒರೆಸುವಾಗ ವಿದ್ಯಾರ್ಥಿವೇತನದ ನಿಜ ಹೇಳಿದೆ. ಅವಳ ಮುಖ ನೋಡಲಾಗದೆ ಬಟ್ಟಲು ನೋಡಿಕೊಂಡೇ ಹೇಳಿದೆ.

ಅವಳು ನಕ್ಕಳು ನೂಲಾ! ಸೋಪಿನ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೆಮಿಸ್ಟ್ರಿಯನ್ನ ಎರಡನೇ ಸಲಕ್ಕೆ ಪಾಸು ಮಾಡಿದ ಹುಡುಗಿಗೆ ಯಾವ ರಾಜ ಕೊಡ್ತಾನೆ ವಿದ್ಯಾರ್ಥಿವೇತನ, ನಮ್ಮ ಬೀದೀಲಿ ಒಬ್ಬರೂ ನಂಬಿರಲಿಲ್ಲ ಕಣೇ, ನೀನು ಅಷ್ಟು ಚೆಂದ ಹೇಳ್ತಿದ್ದೆ ಅಂತ ಸುಮ್ಮನಿದ್ವಿ ಅಂದಳು. ಹಾಗಾದರೆ ಕಾನಿ ಇಷ್ಟು ದಿನ ನನ್ನ ಕಾಲೆಳೆಯುತ್ತಿದ್ದ! ನನಗೆ ಸಿಟ್ಟು ಬಂತು, ನಾಚಿಕೆ ಬಂತು, ಆಮೇಲೆ ನನಗೂ ನಗು ಬಂತು.

ನಗು ನಿಂತ ಮೇಲೆ ಎಷ್ಟು ಬೇಕು ಅಂದಳು. ಹೇಳಿದೆ. ಬಾವಿಯ ಹೊಲ ನಿನಗೇ ಬರೆದುಕೊಡ್ತೀನಿ, ನಿನ್ನ ಬೇಲಿಗೆ ಹೊಂದಿಕೊಂಡೇ ಇದೆ, ದುಡ್ಡು ಈ ವಾರವೇ ಕೊಡು ಅಂದೆ. ಅವಳ ಕೈಯಲ್ಲಿದ್ದ ಪಾತ್ರೆ ಉಜ್ಜುವ ಬಟ್ಟೆ ನೆಲಕ್ಕೆ ಬಿತ್ತು. ನಿನ್ನ ತಲೆ! ಡೊನಾಲ್ ಕಲ್ಲು ಆರಿಸಿದ ಹೊಲವನ್ನ ಅವನ ಮಗಳ ಕೈಯಿಂದ ನಾನು ಕಿತ್ಕೊಳ್ಳೋದಾ? ಹೊಲ ಬೇಡ, ಹುಲ್ಲು ಕೊಡು ಅಂದಳು. ಹನ್ನೊಂದು ತಿಂಗಳ ಲೆಕ್ಕದಲ್ಲಿ ದನ ಮೇಯಿಸೋಕೆ ಹುಲ್ಲು ಬಾಡಿಗೆಗೆ ಕೊಡುವುದು ಇಲ್ಲಿ ಎಲ್ಲರೂ ಮಾಡುವುದೇ, ಆದರೆ ನಾಲ್ಕು ವರ್ಷದ್ದು ಒಟ್ಟಿಗೆ ಮುಂಗಡ ಕೊಟ್ಟವರನ್ನು ನಾನು ಕಂಡಿಲ್ಲ. ನಿನ್ನೆ ಬೆಳಿಗ್ಗೆ ನನ್ನ ಜೊತೆ ಪೇಟೆಗೆ ಬಂದು ಕಟ್ಟಿದಳು. ಒಂದು ಷರತ್ತು ಹಾಕಿದ್ದಾಳೆ. ನೀನು ಡಾಕ್ಟರಾದ ಮೇಲೆ ಅವಳು ಬದುಕಿರುವವರೆಗೂ ಅವಳ ದನಗಳನ್ನು ಪುಕ್ಕಟೆ ನೋಡಬೇಕು. ಆಗಲಿ ಅಂತ ನಿನ್ನ ಪರವಾಗಿ ಕೈಕುಲುಕಿದೆ. ಹೊಲ ಮಾರಲಿಲ್ಲ ಮಗಳೇ, ನಿನ್ನನ್ನೇ ಮಾರಿದೆ.

ಹಾಗಾಗಿ ಆ ಬಾಡಿಗೆ ಕೋಣೆ ಬಿಟ್ಟಿದ್ದರೆ ಇವತ್ತೇ ಹೋಗಿ ವಾಪಸು ಕೇಳು. ಸೆಪ್ಟೆಂಬರಿನ ಕಂತನ್ನು ಸೆಪ್ಟೆಂಬರಿನಲ್ಲಿ ನೋಡೋಣ, ಇನ್ನು ನನಗೆ ಮುಚ್ಚಿಡಬೇಕಾದ್ದೇನಿಲ್ಲ, ಬೇಕಾದರೆ ಬಾಯಿಬಿಟ್ಟು ಸಾಲ ಕೇಳ್ತೀನಿ. ಪಾರ್ಸೆಲ್ ಬೇರೆ ಬರುತ್ತದೆ. ಎರಡು ಪೊಟ್ಟಣ ಚಹಾ, ಉಣ್ಣೆ ಕಾಲುಚೀಲ, ಅತ್ತೆಯ ದ್ರಾಕ್ಷಿರೊಟ್ಟಿ ಅರ್ಧ. ಇನ್ನರ್ಧ ನಾನು ತಿಂದೆ. ಹೊಟ್ಟೆ ತುಂಬ ಊಟ ಮಾಡು. ನೀನಿಲ್ಲದೆ ಮನೆ ಬಿಕೋ ಅನ್ನುತ್ತದೆ, ಸುಳ್ಳು ಹೇಳಲಾರೆ. ಆದರೂ ಬರಬೇಡ.

ನಿನ್ನ ಹುಚ್ಚು ಅಮ್ಮ,
ಡೀಲಿಯಾ

ಮರೆತಿದ್ದಲ್ಲ, ಧೈರ್ಯ ಬರಲಿಲ್ಲ ಅಂತ ಇಲ್ಲಿ ಬರೆಯುತ್ತಿದ್ದೇನೆ: ಅವಳ ದನಗಳು ನಮ್ಮ ಹೊಲಕ್ಕೆ ಬರಬೇಕಾದರೆ ಎರಡು ಮನೆಗಳ ನಡುವಿನ ಆ ಗೇಟು ತೆರೆಯಬೇಕಲ್ಲ. ಬೀಗದ ಕೈ ಇನ್ನೂ ಇದೆಯಾ ಡೀಲಿಯಾ ಅಂತ ಮೆಲ್ಲಗೆ ಕೇಳಿದಳು. ಚಹಾ ಡಬ್ಬಿಯಿಂದ ತೆಗೆದೆ, ಇಬ್ಬರೂ ಹೋಗಿ ಗೇಟು ತೆರೆದೆವು. ಹನ್ನೊಂದು ವರ್ಷ ಅದು ನನ್ನ ಚಹಾ ಡಬ್ಬಿಯಲ್ಲೇ ಇತ್ತು. ಬೀಗ ಹಾಕಿದ್ದು ಅತ್ತೆಯಲ್ಲ, ನಾನು. ಅಪ್ಪನನ್ನು ಮಣ್ಣು ಮಾಡಿದ ಎರಡನೇ ವಾರ ನೀನು, ಅತ್ತೆ ಮನೇಲೇ ಇರ್ತೀನಿ, ಅಲ್ಲಿ ಅಪ್ಪನ ಥರಾನೇ ನಗ್ತಾರೆ ಅಂದೆ. ನಿನ್ನನ್ನೂ ಕಳೆದುಕೊಳ್ತೀನಿ ಅಂತ ಹೆದರಿದೆ. ಅತ್ತೆಗೆ ನೀನು ಬರೋದು ಬೇಕಿಲ್ಲ, ಅವಳೇ ಬೀಗ ಹಾಕಿದ್ದಾಳೆ ಅಂತ ನಿನಗೆ ಹೇಳಿದೆ. ನೀನು ಆ ಗೇಟು ಹಿಡಿದು ಅತ್ತೆಯ ಕರುಗಳ ಹೆಸರು ಕೂಗಿ ಅಳುತ್ತಿದ್ದಾಗಲೂ ಹೇಳಿದ್ದು ಹಾಗೇ. ಅತ್ತೆಗೆ ಎಲ್ಲ ಗೊತ್ತಿತ್ತು. ಆ ಹುಡುಗಿಗೆ ಉಳಿದಿರೋಳು ಅಮ್ಮ ಒಬ್ಬಳೇ, ಅವಳನ್ನೂ ಸುಳ್ಳಿ ಮಾಡಿ ಏನು ಮಾಡಲಿ ಅಂತ ಒಬ್ಬರ ಹತ್ತಿರವೂ ಬಾಯಿ ಬಿಡಲಿಲ್ಲವಂತೆ. ಇಷ್ಟೇನಾ ಅಂತ ಫಾದರ್ ಎರಡು ಸಲ ಕೇಳಿದ್ದು, ಇನ್ನೇನೋ ಉಳಿದಿದೆ ಅಂತ ನನ್ನ ಮುಖ ನೋಡಿಯೇ ಇರಬೇಕು. ನಿಜ ಹೇಳೋಕೆ ನನಗೆ ಎಲ್ಲಕ್ಕಿಂತ ಕಷ್ಟ ಅವಳ ಹತ್ತಿರ ಅಲ್ಲ, ನಿನ್ನ ಹತ್ತಿರ. ಆ ಬೀಗದ ಕೈ ಈ ಕವರಿನಲ್ಲಿದೆ, ಬೇಕಾದರೆ ನಿಮ್ಮೂರ ಹೊಳೆಗೆ ಎಸೆ. ನನಗೆ ಬೈದು ಬರೆ, ಎಷ್ಟು ಬೇಕಾದರೂ ಬೈ. ಆದರೆ ಮೊದಲ ಕಾಗದ ಅತ್ತೆಗೆ ಬರೆ.