ಕೆಂಪು ಕಂಬಿಯ ಬಾಗಿಲು

ಮಾರ್ಚ್ 4, ಸೋಮವಾರ. ಸಂಜೆ 7

ಬೆಳಿಗ್ಗೆ ಆರರಿಂದ ಎರಡರ ತನಕ ಲಾಂಡ್ರಿ. ಆಸ್ಪತ್ರೆಯ ಚಾದರಗಳು — ಬಿಸಿ ರೋಲರ್ ಮೇಲೆ ಹಾಯಿಸಿ ಮಡಿಸುವುದು. ಬಸ್ಸಿನಲ್ಲೇ ಊಟ. ಮೂರರಿಂದ ಆರರ ತನಕ ಬ್ರೆಡ್ ಫ್ಯಾಕ್ಟರಿಯ ಮೇಲಿನ ಮಹಡಿ, ಎಚ್‌ಆರ್ ಆಫೀಸು. ಅಲ್ಲಿ ನಾನು ಅಪ್ರೆಂಟಿಸ್. ಎರಡನೇ ವಾರ. ಕಾಲು ಊದಿದೆ.

ಜೊತೆಗೆ ಮಡಿಸುವ ದಪ್ಪಕ್ಕ ಕೇಳಿದಳು, "ಮೂವತ್ತೆಂಟಕ್ಕೆ ಓದು ಶುರು ಮಾಡಿದೀಯಲ್ಲೇ, ಆಫೀಸರ್ ಆಗಿ ಯಾರನ್ನ ಉದ್ಧಾರ ಮಾಡ್ಬೇಕು?"

"ಒಬ್ಬರನ್ನ" ಅಂದೆ.

ಯಾರೋ ಗಂಡಸು ಅಂದುಕೊಂಡಳು. ಚಾದರದ ಆ ತುದಿಯಿಂದ ಕಣ್ಣು ಹೊಡೆದಳು. ಗಂಡಸೇ ಹೌದು.

ಇವತ್ತು ಅವನನ್ನು ಹತ್ತಿರದಿಂದ ನೋಡಿದೆ. ಕೆಳಗಿನ ಪ್ಯಾಕಿಂಗ್ ಹಾಲ್‌ನ ಶಿಫ್ಟ್ ಇನ್‌ಚಾರ್ಜ್. ಅಲ್ಲೇ ಕೆಲಸಕ್ಕಿದ್ದ ನನ್ನ ತಂಗಿ ಅವನಿಗೆ ಇಟ್ಟಿದ್ದ ಹೆಸರು ಬೀಗ. ಶಿಫ್ಟ್ ನಡೆಯುವಾಗ ಹಾಲ್‌ನ ಬಾಗಿಲು ತೆರೆಯುವುದು ಅವನ ಕೊರಳಿನ ಕಾರ್ಡಿಗೆ ಮಾತ್ರ. ಯಾರು ಹೊರಗೆ ಹೋಗಬೇಕಾದರೂ ಅವನನ್ನು ಕೇಳಬೇಕು. ಬಿಡುವುದು, ಬಿಡದಿರುವುದು ಅವನ ಮರ್ಜಿ. "ಇವತ್ತು ಬೀಗಕ್ಕೆ ಮೂಡ್ ಸರಿ ಇರ್ಲಿಲ್ಲ ಅಕ್ಕಾ" ಅನ್ನುತ್ತಿದ್ದಳು, ಚಪ್ಪಲಿ ಬಿಚ್ಚುತ್ತಾ. ಹೋದ ವರ್ಷದ ಆಗಸ್ಟ್ ತನಕ ಅನ್ನುತ್ತಿದ್ದಳು.

ಟೀ ಕುಡಿಯುತ್ತಿದ್ದ. ಊದಿ ಊದಿ ಕುಡಿಯುತ್ತಾನೆ. ಮೈ ಕೈ ತುಂಬಿಕೊಂಡು ಚೆನ್ನಾಗಿದ್ದಾನೆ. ನಾನು "ನಮಸ್ಕಾರ ಸಾರ್" ಅಂದೆ. ತಲೆ ಆಡಿಸಿದ. ನನ್ನ ಮುಖ ನೋಡಲಿಲ್ಲ.

ನನಗೂ ಒಂದು ಕಾರ್ಡ್ ಕೊಟ್ಟಿದ್ದಾರೆ. ಮೇಲಿನ ಮಹಡಿಯ ಬಾಗಿಲಿಗೆ ಮಾತ್ರ. ಒಳಗೆ ಬರಲೂ ಬೇಕು, ಹೊರಗೆ ಹೋಗಲೂ ಬೇಕು.

ಮಾರ್ಚ್ 10, ಭಾನುವಾರ. ಮಧ್ಯಾಹ್ನ

ಕ್ಲಾಸು. ನಮ್ಮ ಮೇಷ್ಟ್ರು ರಿಟೈರ್ ಆದವರು, ಕರವಸ್ತ್ರದಲ್ಲೇ ಬೋರ್ಡ್ ಒರೆಸುತ್ತಾರೆ. "ಎಚ್‌ಆರ್ ಅಂದ್ರೆ ಮೊದಲು ಕಿವಿ, ಆಮೇಲೆ ಬಾಯಿ. ಅವಸರ ಮಾಡಿದ್ರೋ, ಕೆಟ್ರಿ."

ಇವತ್ತು ಜೋಡಿ ಅಭ್ಯಾಸ. ಒಬ್ಬರನ್ನು ಕೆಲಸದಿಂದ ತೆಗೆಯುವ ವಿಷಯ ಹೇಳುವುದು ಹೇಗೆ. ನನ್ನ ಎದುರಿಗೆ ಕೂತವನು ಯಾವುದೋ ಅಂಗಡಿಯ ಕ್ಯಾಷಿಯರ್, ಬಡಪಾಯಿ. ನಾನು ಹೇಳಿದೆ. ದನಿ ಏರಿಸಲಿಲ್ಲ, ಕಣ್ಣು ಮಾತ್ರ ತೆಗೆಯಲಿಲ್ಲ. ಅರ್ಧಕ್ಕೇ ಅವನ ಕಣ್ಣಲ್ಲಿ ನೀರು.

ಮೇಷ್ಟ್ರು ಹತ್ತಿರ ಬಂದು, "ಸ್ವಲ್ಪ ಮೆತ್ತಗೆ ತಾಯಿ. ಅವರು ನಿಜವಾಗ್ಲೂ ಏನೂ ತಪ್ಪು ಮಾಡಿಲ್ಲ" ಅಂದರು.

ಎಲ್ಲರೂ ನಕ್ಕರು. ನಾನೂ.

ಮಾರ್ಚ್ 21, ಗುರುವಾರ

ಅಮ್ಮನಿಗೆ ಗೊತ್ತಾಯಿತು.

"ಯಾವುದೋ ಆಫೀಸಲ್ಲಿ ಕಲೀತೀನಿ" ಅಂದಷ್ಟೇ ಹೇಳಿದ್ದೆ. ಇವತ್ತು ಒಗೆಯಲು ನನ್ನ ಕುರ್ತಾ ಎತ್ತಿಕೊಂಡವಳು ಅಲ್ಲೇ ನಿಂತಳು. ಮುಖಕ್ಕೆ ಒತ್ತಿಕೊಂಡಳು.

"ಈ ವಾಸನೆ ನಂಗೊತ್ತಿಲ್ವೇನೇ? ಎರಡು ವರ್ಷ ಒಗ್ದಿದೀನಿ."

ಬೆಂದ ಹಿಟ್ಟಿನ ವಾಸನೆ. ಮೇಲಿನ ಮಹಡಿಗೂ ಬರುತ್ತದೆ. ಬಟ್ಟೆಗೆ ಹತ್ತಿಕೊಳ್ಳುತ್ತದೆ ಅನ್ನುವುದು ನನಗೇ ಹೊಳೆದಿರಲಿಲ್ಲ.

ಅಳುತ್ತಾಳೆ ಅಂದುಕೊಂಡೆ. ಬಿಟ್ಟುಬಿಡು ಅನ್ನುತ್ತಾಳೆ ಅಂದುಕೊಂಡೆ. ಕುರ್ತಾವನ್ನು ಬಕೆಟ್ಟಿಗೆ ಹಾಕಲಿಲ್ಲ. ಗೂಟಕ್ಕೇ ನೇತುಹಾಕಿದಳು.

"ಇದಾನಾ ಅವನು?"

"ಇದಾನೆ."

"ಚೆನ್ನಾಗಿದಾನಾ?"

"ಚೆನ್ನಾಗಿದಾನೆ."

"ಹೂಂ" ಅಂದಳು. ಅನ್ನಕ್ಕೆ ಇಡಲು ಹೋದಳು.

ಏಪ್ರಿಲ್ 2, ಮಂಗಳವಾರ. ಬಸ್ ನಿಲ್ದಾಣ

ಮಂಡಿಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಹೇಗೋ ಬರುತ್ತಿದೆ.

ಇವತ್ತು ಸೇಫ್ಟಿಯವರ ಜೊತೆ ಕೆಳಗಿನ ಹಾಲ್ ಸುತ್ತಿದೆ. ಅಪ್ರೆಂಟಿಸ್ ಆದವರು ಎಲ್ಲವನ್ನೂ ಒಂದು ಸಲ ನೋಡಬೇಕಂತೆ. ಹಾಲ್‌ನ ಆ ತುದಿಯಲ್ಲಿ ಕೆಂಪು ಕಂಬಿಯ ಬಾಗಿಲು. ಬೆಂಕಿ ಬಿದ್ದಾಗ ಓಡುವುದಕ್ಕೆ. ಅಡ್ಡಕ್ಕಿರುವ ಕಂಬಿ ತಳ್ಳಿದರೆ ಸಾಕು, ತೆರೆಯುತ್ತದೆ. ಗಂಟೆ ಹೊಡೆಯುತ್ತದೆ, ಬೆಲ್ಟುಗಳೆಲ್ಲ ನಿಲ್ಲುತ್ತವೆ.

ಆ ಬಾಗಿಲು ನನಗೆ ಗೊತ್ತು. ತಂಗಿ ಮೊದಲ ದಿನ ಬಂದು ಹೇಳಿದ್ದಳು. "ಅಕ್ಕಾ, ಅಲ್ಲೊಂದು ಕೆಂಪು ಕಂಬಿ ಬಾಗಿಲಿದೆ. ಬೆಂಕಿನ ಕಣ್ಣಾರೆ ನೋಡದೆ ಮುಟ್ಟಿದ್ರೆ ಅವತ್ತೇ ಕೆಲಸ ಹೋಯ್ತಂತೆ. ಬೀಗ ಹೇಳ್ದ. ಎಲ್ಲರ ಕೈಲೂ ಹೂಂ ಅನ್ನಿಸ್ಕೊಂಡ." ಇಬ್ಬರೂ ನಕ್ಕಿದ್ದೆವು. ನಾನು, "ಮತ್ತೆ ಕೈ ಹಿಂದೆ ಕಟ್ಕೊಂಡು ಓಡಾಡು" ಅಂದಿದ್ದೆ.

ಸೇಫ್ಟಿಯವರನ್ನು ಕೇಳಿದೆ, "ಬೆಂಕಿ ಇಲ್ಲದೆ ತಳ್ಳಿದ್ರೆ ಕೆಲಸ ಹೋಗುತ್ತಾ ಸಾರ್?"

"ಯಾರಮ್ಮ ಹೇಳಿದ್ದು? ಜೀವಕ್ಕೆ ಭಯ ಅನ್ನಿಸ್ತಾ, ತಳ್ಳು. ಉಸಿರು ಕಟ್ಟಿತಾ, ಎದೆ ನೋವಾ, ಹೊಟ್ಟೆ ನೋವಾ, ತಳ್ಳು. ಅದಕ್ಕೇ ತಾನೇ ಬಾಗಿಲು. ಕೇಳೋ ಅಧಿಕಾರ ಯಾರಿಗೂ ಇಲ್ಲ."

"ಯಾವತ್ತಿಂದ?"

"ಫ್ಯಾಕ್ಟರಿ ಕಟ್ಟಿದಾಗಿಂದ."

ತಂಗಿಯ ಮೇಜು ಆ ಬಾಗಿಲ ಪಕ್ಕದ್ದು. ಕೈ ಚಾಚಿದರೆ ಕಂಬಿ. ಆಗಸ್ಟ್‌ನ ಆ ದಿನ ಹೊಟ್ಟೆ ಹಿಡಿದುಕೊಂಡು ಅವನನ್ನು ಮೂರು ಸಲ ಕೇಳಿದಳು. ಮೂರು ಸಲವೂ ಅವನು, "ನಾಟಕ ಬೇಡ, ಶಿಫ್ಟ್ ಮುಗೀಲಿ" ಅಂದ. ಶಿಫ್ಟ್ ಮುಗಿಯುವ ಹೊತ್ತಿಗೆ ಒಳಗೆ ಅಪೆಂಡಿಕ್ಸ್ ಒಡೆದಿತ್ತು. ಆಸ್ಪತ್ರೆಯಲ್ಲಿ ಇದನ್ನೆಲ್ಲ ಅವಳೇ ಹೇಳಿದ್ದು, ನನ್ನ ಕೈ ಹಿಡಿದುಕೊಂಡು. ಬಾಗಿಲ ಮಾತು ಎತ್ತಲೇ ಇಲ್ಲ. ಅದು ಬಾಗಿಲು ಅನ್ನುವುದೇ ಅವಳ ತಲೆಯಲ್ಲಿ ಇರಲಿಲ್ಲ.

ಬಸ್ ಬಂತು, ಹೋಯಿತು. ಇನ್ನೊಂದು ಬರುತ್ತದೆ.

ಏಪ್ರಿಲ್ 3

ಹೋಗಲಿಲ್ಲ. ಎರಡು ಕಡೆಯೂ.

ಏಪ್ರಿಲ್ 19, ಶುಕ್ರವಾರ. ಬೆಳಿಗ್ಗೆ 5

ಎಚ್‌ಆರ್ ಮೇಡಂ ಒಳ್ಳೆಯವರು. ಅದೇ ತೊಂದರೆ. ಬೀಗ ಬಾಗಿಲ ಬಗ್ಗೆ ಸುಳ್ಳು ಹೇಳುತ್ತಾನೆ ಅಂತ ಅವರಿಗೆ ಹೇಳಿದೆ ಅಂತಿಟ್ಟುಕೊಳ್ಳೋಣ. ಕರೆಸುತ್ತಾರೆ. ಇನ್ನು ಮುಂದೆ ಹಾಗೆ ಹೇಳಬೇಡಿ ಅನ್ನುತ್ತಾರೆ. ಅವನು ಸಾರಿ ಮೇಡಂ ಅನ್ನುತ್ತಾನೆ. ಟೀ ಕುಡಿದು ಇಳಿದು ಹೋಗುತ್ತಾನೆ — ಊದಿ ಊದಿ.

ನನಗೆ ಅವನ ಸಾರಿ ಬೇಡ.

ಹೋದ ವಾರ ಮೇಡಂ, "ಹೊಸ ಬ್ಯಾಚಿನವರಿಗೆ ಮೊದಲ ದಿನದ ಪಾಠ ಇನ್ಮೇಲೆ ನೀವೇ ಮಾಡಿ. ನಿಮ್ಮ ಮಾತು ಅವರಿಗೆ ಚೆನ್ನಾಗಿ ಅರ್ಥ ಆಗುತ್ತೆ" ಅಂದರು. ಎಲ್ಲಿ ಕೈ ತೊಳೆಯಬೇಕು, ಟೋಪಿ ಹೇಗೆ ಹಾಕಬೇಕು, ಬಾಗಿಲು ಎಲ್ಲಿ.

ನಿನ್ನೆ ನನ್ನ ಮೊದಲ ಬ್ಯಾಚು. ಬಾಗಿಲು ಎಲ್ಲಿ ಅನ್ನುವುದನ್ನು ಕೊನೆಗೆ ಇಟ್ಟುಕೊಂಡೆ. ಅಲ್ಲೇ ನಿಲ್ಲಿಸಿ ಒಬ್ಬೊಬ್ಬರ ಕೈಯನ್ನೂ ಕಂಬಿಯ ಮೇಲೆ ಇಡಿಸಿದೆ. ತಳ್ಳಲಿಲ್ಲ, ಸುಮ್ಮನೆ ಇಡಿಸಿದೆ. ತಣ್ಣಗಿದೆ ಅಂದಳು ಒಬ್ಬಳು.

ಗಂಟೆ ಹೊಡೆದರೆ ಬೆಲ್ಟ್ ನಿಲ್ಲುತ್ತದೆ. ಬೆಲ್ಟ್ ನಿಂತರೆ ಅವನು ಸುಮ್ಮನಿರುವವನಲ್ಲ. ಅವನು ಸುಮ್ಮನಿರದಿದ್ದರೆ ಸಾಕು. ಉಳಿದದ್ದನ್ನು ಅವನ ಬಾಯೇ ಮಾಡುತ್ತದೆ.

ಮೊದಲು ಕಿವಿ.

ಜೂನ್ 3, ಸೋಮವಾರ

ಮೂರು ಬ್ಯಾಚ್ ಆಯಿತು. ಗಂಟೆ ಹೊಡೆದಿಲ್ಲ. ನಾನು ಬೆಳಿಗ್ಗೆ ಹೇಳುತ್ತೇನೆ, ಮಧ್ಯಾಹ್ನ ಅವನು ಹೇಳುತ್ತಾನೆ. ನಂಬುವುದು ಅವನನ್ನು. ಹಾಲ್‌ನ ಕಾರ್ಡ್ ಇರುವುದು ಅವನ ಕೊರಳಲ್ಲಿ ತಾನೇ.

ಹೊಸ ಬ್ಯಾಚ್ ಬಂದ ದಿನ ಲಾಂಡ್ರಿಯಲ್ಲಿ ಪಾಳಿ ಬದಲಿಸಿಕೊಳ್ಳಬೇಕು. ಮೂರು ಸಲ ದಪ್ಪಕ್ಕನೇ ನನ್ನ ಬದಲು ನಿಂತಳು. ಇವತ್ತು ನಿಂತಲ್ಲೇ ಕಣ್ಣು ಮುಚ್ಚಿತು. ಒಂದು ಚಾದರ ಸುಟ್ಟೆ. ಮೇಸ್ತ್ರಿ, "ಎರಡು ದೋಣಿ ಬೇಡಮ್ಮ, ಒಂದು ಬಿಡು" ಅಂದ. ದಪ್ಪಕ್ಕ ಅವನಿಗೇ ತಿರುಗಿ ಬಿದ್ದಳು. "ನೀನು ದಿನಾ ಕೂತಲ್ಲೇ ನಿದ್ದೆ ಮಾಡ್ತೀಯಲ್ಲ, ನಿಂದು ಯಾವ ದೋಣಿ?"

ಸುಟ್ಟ ಚಾದರವನ್ನು ಮಡಿಸಿ ಬದಿಗಿಟ್ಟೆ. ನೀಲಿ ಅಂಚಿನದು. ತಂಗಿಗೆ ಕೊನೆಗೆ ಹೊದಿಸಿದ್ದೂ ನೀಲಿ ಅಂಚಿನದೇ. ನಮ್ಮಲ್ಲೇ ಮಡಿಸಿದ್ದಿರಬೇಕು. ನಾನೇ ಮಡಿಸಿದ್ದಿರಬಹುದು.

ಜೂನ್ 12, ಬುಧವಾರ. ಸಂಜೆ 6.30

ಹೊಡೆಯಿತು.

ನಾಲ್ಕೂ ಕಾಲು. ನೆಲವೇ ಗುಂಯ್ ಅಂದಿತು. ಎಲ್ಲರಿಗಿಂತ ಮೊದಲು ಇಳಿದವಳು ನಾನು.

ಹೊಸ ಬ್ಯಾಚಿನ ಉದ್ದ ಜಡೆಯ ಹುಡುಗಿ. ಓವನ್ ಕಡೆಯ ಬಿಸಿಗೆ ಉಸಿರು ಕಟ್ಟಿದೆ. ಬೀಗನನ್ನು ಕೇಳಿದ್ದಾಳೆ. "ಎಲ್ಲರಿಗೂ ಬಿಸೀನೇ" ಅಂದಿದ್ದಾನೆ. ಅವಳು ಹೋಗಿ ಕಂಬಿ ತಳ್ಳಿದ್ದಾಳೆ. ನಾನು ಹೋಗುವಾಗ ಹೊರಗಿನ ಮೆಟ್ಟಿಲ ಮೇಲೆ ಅವಳು ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತಿದ್ದಳು, ಬೀಗ ಅವಳ ತೋಳು ಹಿಡಿದು ಒಳಗೆ ಎಳೆಯುತ್ತಿದ್ದ. "ಯಾರಪ್ಪನ ಮನೆ ಬಾಗಿಲು ಅಂದ್ಕೊಂಡೆ? ನಡಿ, ಬ್ಯಾಗ್ ತಗೊಂಡು ಮನೆಗೆ ನಡಿ." ಬೆಲ್ಟುಗಳು ನಿಂತಿದ್ದವು. ಎಲ್ಲರೂ ನೋಡುತ್ತಿದ್ದರು. ಮೇಡಮ್ಮೂ ಬಂದು ನೋಡಿದರು.

ತೋಳಿನ ಮೇಲೆ ಐದು ಬೆರಳೂ ಮೂಡಿದ್ದವು. ನೀರು ಕುಡಿಸಿದೆ. "ಅಕ್ಕಾ, ನೀವು ಹೇಳಿದ್ರಲ್ಲ... ಕೆಲಸ ಹೋಗಲ್ಲ ಅಂತ... ಹೋಗಲ್ಲ ಅಲ್ವಾ?"

"ಹೋಗಲ್ಲ" ಅಂದೆ.

ಅವಳ ತೋಳು ನೋಡಿ ನನಗೆ ಸಂತೋಷವಾಯಿತು. ಬರೆದಿಡುತ್ತೇನೆ, ನನ್ನ ಹತ್ತಿರವೇ ಮುಚ್ಚಿಡುವುದು ಯಾಕೆ. ಆಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದೆ. ಆದರೂ ಸಂತೋಷ ಹೋಗಲಿಲ್ಲ.

ಜೂನ್ 18, ಮಂಗಳವಾರ. ಸಂಜೆ

ವಿಚಾರಣೆ. ಮೇಡಂ, ಫ್ಯಾಕ್ಟರಿ ಮ್ಯಾನೇಜರ್, ಸೇಫ್ಟಿಯವರು. ಎದುರಿಗೆ ಬೀಗ. ಗೋಡೆ ಪಕ್ಕ ನಾನು, ಬರೆದುಕೊಳ್ಳಲು.

ಶುರುವಿಗೆ ಮೇಡಂ ಕೇಳಲೇಬೇಕಾದ ಪ್ರಶ್ನೆ ಒಂದಿದೆ. ಕೂತವರಲ್ಲಿ ಯಾರಿಗಾದರೂ ಇವರ ಜೊತೆ ಸಂಬಂಧವೋ ದ್ವೇಷವೋ ಇದೆಯಾ? ಇದ್ದರೆ ಎದ್ದು ಹೋಗಬೇಕು. ಮ್ಯಾನೇಜರ್ ಇಲ್ಲ ಅಂದರು. ಸೇಫ್ಟಿಯವರು ಇಲ್ಲ ಅಂದರು. ನನ್ನನ್ನು ಕೇಳಲಿಲ್ಲ. ಕಲಿಯುವವಳನ್ನು ಯಾರೂ ಕೇಳುವುದಿಲ್ಲ.

ಬೀಗ ಮಾತ್ರ ನನ್ನನ್ನೇ ನೋಡುತ್ತಿದ್ದ. "ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆ."

"ಹೊಸಬರಿಗೆ ಪಾಠ ಮಾಡ್ತೀನಲ್ಲ ಸಾರ್, ಅಲ್ಲೇ ನೋಡಿರ್ತೀರಿ."

"ಅದಕ್ಕೂ ಮುಂಚೆ."

ಪೆನ್ನಿನ ಮುಚ್ಚಳ ತೆಗೆದೆ. ತಂಗಿಗೂ ನನಗೂ ಹುಬ್ಬು ಒಂದೇ. ಅವನು ಹುಬ್ಬಿನ ತನಕ ಬಂದು ಅಲ್ಲೇ ನಿಂತ.

ತೋಳು ಹಿಡಿದದ್ದಕ್ಕೆ ಕ್ಷಮೆ ಕೇಳಿದ. ಸರಾಗವಾಗಿ ಕೇಳಿದ. ಮ್ಯಾನೇಜರ್ ಮುಖ ಸಡಿಲವಾಯಿತು. ಇಷ್ಟೇ ಆಗಿ ಮುಗಿಯುತ್ತದೆ ಅನ್ನಿಸಿತು. ಮೇಡಂ ನನ್ನ ಕಡೆ ತಿರುಗಿ, "ನಿಮ್ಮ ಬರಹಕ್ಕೆ ಏನಾದ್ರೂ ಬಿಟ್ಟುಹೋಗಿದ್ರೆ ಕೇಳ್ಕೊಳಿ" ಅಂದರು. ಅಪ್ರೆಂಟಿಸ್‌ಗೆ ಯಾವಾಗಲೂ ಹಾಗನ್ನುತ್ತಾರೆ.

ಕೇಳಿಕೊಂಡೆ. "ಹುಡುಗಿಗೆ ಬಾಗಿಲು ಮುಟ್ಟಬಾರದು ಅಂತ ನೀವು ಮುಂಚೆನೇ ಹೇಳಿದ್ರಾ ಸಾರ್?"

"ಹೇಳದೆ ಏನು? ಎಲ್ಲ ಬ್ಯಾಚಿಗೂ ಹೇಳ್ತೀನಿ. ಹನ್ನೊಂದು ವರ್ಷದಿಂದ ಹೇಳ್ತಾ ಇದೀನಿ. ಅದಕ್ಕೇ ನನ್ನ ಶಿಫ್ಟಲ್ಲಿ ಬೆಲ್ಟ್ ನಿಂತಿಲ್ಲ." ನೆಟ್ಟಗೆ ಕೂತ. ಮ್ಯಾನೇಜರ್ ಕಡೆ ತಿರುಗಿದ. "ಈಗಿನವರಿಗೆ ಶಿಸ್ತಿಲ್ಲ ಸಾರ್. ಹೋದ ವರ್ಷ ಒಬ್ಬಳಿದ್ಲು, ಪಾಪ, ಹೊಟ್ಟೆನೋವು. ಆ ಬಾಗಿಲ ಪಕ್ಕದಲ್ಲೇ ಕೆಲಸ. ಶಿಫ್ಟ್ ಮುಗಿಯೋ ತನಕ ಕೂತಿದ್ಲು, ಕಂಬಿ ಮುಟ್ಟಲಿಲ್ಲ. ಅದು ಶಿಸ್ತು."

ಸೇಫ್ಟಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಮೇಡಂ ಮೆಲ್ಲಗೆ, "ಆ ಹುಡುಗಿ ಸತ್ತುಹೋದಳು" ಅಂದರು.

"ಅದು ಆಸ್ಪತ್ರೇಲಿ ಮೇಡಂ."

ಬರೆದುಕೊಂಡೆ. ಅವನು ಹೇಳಿದ ಹಾಗೆಯೇ, ಒಂದು ಮಾತೂ ಬಿಡದೆ. ಅಕ್ಷರ ಇಷ್ಟು ದುಂಡಗೆ ಯಾವತ್ತೂ ಬಂದಿರಲಿಲ್ಲ.

ಜೂನ್ 20, ಗುರುವಾರ. ಸಂಜೆ 7

ತೆಗೆದರು. ನಾಳೆ ಕೊನೆಯ ದಿನ. ಜಡೆಯ ಹುಡುಗಿ ಕೆಲಸದಲ್ಲಿದ್ದಾಳೆ, ಓವನ್‌ನಿಂದ ದೂರ ಹಾಕಿದ್ದಾರೆ. ನನ್ನನ್ನು ಕಂಡರೆ ನಗುತ್ತಾಳೆ. ಅವಳ ನಗು ತೆಗೆದುಕೊಳ್ಳುವುದು ಕಷ್ಟ.

ಸತ್ತ ಆ ಹುಡುಗಿ ನನ್ನ ತಂಗಿ ಅಂತ ಈಗಲಾದರೂ ಮೇಡಂಗೆ ಹೇಳಬೇಕೋ ಏನೋ. ಹೇಳಿದರೆ ವಿಚಾರಣೆ ಹೊಸದಾಗಿ ಮಾಡಬೇಕು. ಅವನು ಈ ಸಲ ಬಾಯಿ ಮುಚ್ಚಿಕೊಂಡು ಬರುತ್ತಾನೆ. ಹೇಳುವುದಿಲ್ಲ.

ಬಿಟ್ಟು ಹೋಗುವವರು ಮೇಲೆ ಬಂದು ಕಾರ್ಡ್ ಒಪ್ಪಿಸಬೇಕು. ಕಾರ್ಡ್ ತೆಗೆದುಕೊಳ್ಳುವ ಕೆಲಸ ಅಪ್ರೆಂಟಿಸ್‌ದು. ತೆಗೆದುಕೊಂಡ ಮೇಲೆ ಅವರಿಗೆ ಬಾಗಿಲು ತೆರೆಯುವುದಿಲ್ಲ. ಯಾರಾದರೂ ತೆಗೆಯಬೇಕು. ಅವರು ಕೇಳಬೇಕು.

ಅಮ್ಮನಿಗೆ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಅವನು ಕೇಳ್ತಾನಾ?"

"ಕೇಳಲೇಬೇಕು. ಮೇಲೂ ಒಂದು ಕೆಂಪು ಕಂಬಿ ಬಾಗಿಲಿದೆ. ಆದ್ರೆ ಹನ್ನೊಂದು ವರ್ಷ ಮುಟ್ಟಬೇಡಿ ಅಂದವನು ತಾನೂ ಮುಟ್ಟಲ್ಲ."

"ನಮ್ಮ ಹುಡುಗಿ ಎಷ್ಟು ಸಲ ಕೇಳಿದ್ಲು?"

"ಮೂರು ಸಲ."

ಸೊಪ್ಪಿನ ದಂಟುಗಳನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದಳು. ಸೆರಗಿಗೆ ಕೈ ಒರೆಸಿಕೊಂಡಳು.

"ಹಾಗಾದ್ರೆ ನಾಲ್ಕನೇ ಸಲಕ್ಕೆ ತೆಗಿ."

ಗೂಟದ ಮೇಲಿನ ಕುರ್ತಾ ಇಳಿಸಿ ಇಸ್ತ್ರಿ ಮಾಡಿದ್ದೇನೆ. ಒಗೆದಿಲ್ಲ.

ಅವನು ಬರುವುದು ನಾಳೆ ಮೂರೂವರೆಗೆ. ಆ ಹೊತ್ತಿಗೆ ಮೇಡಂ ಮೀಟಿಂಗ್‌ನಲ್ಲಿರುತ್ತಾರೆ.