ಅಕ್ಕನ ಬೂಟಿಗೊಂದು ಬೆಲ್ಟ್ ಯಂತ್ರ

ಮಾರ್ಚ್ 3, ಸಂಜೆ

ಇವತ್ತೂ ಅರ ಹಿಡಿದು ಉಜ್ಜಿದ್ದೇ ಬಂತು. ಅಕ್ಕನ ಎಡಗಾಲಿನ ಬೂಟು. ರಬ್ಬರ್ ಹಾಳೆ ಒಂದರ ಮೇಲೊಂದು ಅಂಟಿಸುವುದು ಸುಲಭ, ಸಮ ಮಾಡುವುದೇ ಕಷ್ಟ. ಕೈಯಲ್ಲಿ ಉಜ್ಜಿದರೆ ಏರಿಳಿತ ಉಳಿದೇ ಉಳಿಯುತ್ತದೆ. ಬೂಟಿನಂಗಡಿಯಲ್ಲಿ ಕೆಲಸಕ್ಕಿದ್ದಾಗ ತಿರುಗುವ ಸ್ಯಾಂಡ್‌ಪೇಪರ್ ಬೆಲ್ಟಿನ ಯಂತ್ರದ ಮುಂದೆ ನಿಂತು ಇಂಥ ಅಟ್ಟೆ ಎಷ್ಟು ಉಜ್ಜಿಲ್ಲ ನಾನು... ಅಂಗಡಿ ಮುಚ್ಚಿತು. ಯಂತ್ರ ಯಾರದೋ ಪಾಲಾಯಿತು.

ಅಕ್ಕನ ಎಡಗಾಲು ಹುಟ್ಟಿನಿಂದ ಗಿಡ್ಡ. ಎತ್ತರದ ಅಟ್ಟೆ ಸರಿಯಿಲ್ಲದಿದ್ದರೆ ಸೊಂಟ ಹಿಡಿಯುತ್ತದೆ. ಈಗಿನದು ಒಂದು ಕಡೆ ಸವೆದು ಹೋಗಿದೆ. ಔಷಧಿ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ನಿಲ್ಲುವ ಕೆಲಸ. ಇನ್ನು ಆಗುವುದಿಲ್ಲ, ತಿಂಗಳ ಕೊನೆಗೆ ಬಿಟ್ಟುಬಿಡುತ್ತೇನೆ ಅನ್ನುತ್ತಿದ್ದಾಳೆ. ಹೇಳುವಾಗ ನಗುತ್ತಾಳೆ, ಆದರೆ ಮುಖ ನೋಡಲಾಗುವುದಿಲ್ಲ. ಅರ್ಧ ಊರಿನ ಕೆಮ್ಮು ನೆಗಡಿ ಅವಳಿಗೆ ಬಾಯಿಪಾಠ. ಮನೆಯಲ್ಲಿ ಕೂತು ಏನು ಮಾಡುತ್ತಾಳೆ?

ಯಂತ್ರ ಕೊಳ್ಳುವುದು ದೂರದ ಮಾತು. ನಾನೇ ಮಾಡಿದರೆ?

ಮಾರ್ಚ್ 5

ಭಾವ ಬಂದಿದ್ದರು. ಕೆಟ್ಟುಹೋದ ವಾಷಿಂಗ್ ಮೆಷಿನ್ ಹೊತ್ತುಕೊಂಡು! ಬರೀ ಮೋಟಾರ್ ಸಾಕು ಅಂದಿದ್ದೆ. ಬಿಚ್ಚಲು ಬರುವುದಿಲ್ಲವಂತೆ, ಇಡೀ ಪೆಟ್ಟಿಗೆಯನ್ನೇ ತಂದರು. ಉಸ್ಸಪ್ಪಾ ಎಂದು ಕೂತು, ಇಷ್ಟು ದಿನ ಬಟ್ಟೆ ಒಗೆದಿದೆ, ಇನ್ನು ಬೂಟು ಉಜ್ಜಲಿ, ಪಾಪ, ಅದಕ್ಕೂ ಬೇರೆ ಕೆಲಸ ನೋಡಿದ ಹಾಗಾಗುತ್ತದೆ ಎಂದರು. ಮೋಟಾರ್ ಇನ್ನೂ ಗಟ್ಟಿಮುಟ್ಟಾಗಿದೆ. ಇಂಥ ಭಾವ ಎಲ್ಲರಿಗೂ ಸಿಗಲಿ.

ಮಾರ್ಚ್ 9, ಮಧ್ಯಾಹ್ನ

ಪಕ್ಕದ ಮನೆಯ ಬಡಗಿ ಅಣ್ಣ ಗಟ್ಟಿ ಮರದಲ್ಲಿ ಎರಡು ಚಕ್ರ ಕಡೆದುಕೊಟ್ಟ. ಒಂದು ಮೋಟಾರಿಗೆ, ಇನ್ನೊಂದು ಮೇಲೆ. ಎರಡಕ್ಕೂ ಸೇರಿಸಿ ಸ್ಯಾಂಡ್‌ಪೇಪರ್ ಬೆಲ್ಟ್. ಮೇಲಿನ ಚಕ್ರವನ್ನು ಎಳೆದು ಹಿಡಿಯಲು ಹಳೆ ಬಾಗಿಲಿನ ಸ್ಪ್ರಿಂಗ್. ದುಡ್ಡಿನ ಮಾತೆತ್ತಿದರೆ ಅವನಿಗೆ ಕಿವಿಯೇ ಕೇಳಿಸುವುದಿಲ್ಲ.

ಕೆಳಗಿನ ಶೆಡ್ಡಿನಲ್ಲಿ ನಿಲ್ಲಿಸಿದೆವು. ಅದು ಮೊದಲು ಬಟ್ಟೆ ಒಗೆಯುತ್ತಿದ್ದ ಜಾಗ, ನೀರು ಹರಿಯಲೆಂದು ನೆಲ ಮೋರಿ ಕಡೆಗೆ ಇಳಿಜಾರು. ಬಡಗಿ ಅಣ್ಣ ರಸಮಟ್ಟ ಇಟ್ಟು ನೆಲದ ಮಟ್ಟ ನೋಡಿದ, ತಲೆ ಅಲ್ಲಾಡಿಸಿದ. ಹೀಗೇ ಬಿಟ್ಟರೆ ಯಂತ್ರ ನಡುಗುತ್ತಾ ನಡುಗುತ್ತಾ ಮೋರಿಗೆ ಹೋಗಿ ಸೇರುತ್ತದಂತೆ. ತಗ್ಗಿನ ಕಡೆಯ ಕಾಲುಗಳ ಕೆಳಗೆ ಹಲಗೆ ಚೂರು ಕೊಟ್ಟೆವು. ಈಗ ನೆಟ್ಟಗೆ ನಿಂತಿದೆ.

ಮಾರ್ಚ್ 10

ಸ್ವಿಚ್ ಹಾಕಿದೆ. ಬೆಲ್ಟ್ ಕಳಚಿಕೊಂಡು ಗೋಡೆಗೆ ಬಡಿಯಿತು. ಮತ್ತೆ ಹಾಕಿದೆ. ಮತ್ತೆ ಗೋಡೆಗೆ. ಅದಕ್ಕೂ ನನಗೂ ಯಾವ ಜನ್ಮದ ಹಗೆಯೋ.

ಮಾರ್ಚ್ 14, ಬೆಳಿಗ್ಗೆ

ಮೂರು ದಿನ ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಸಿಟ್ಟು. ಇವತ್ತು ಹಲ್ಲುಜ್ಜುವಾಗ ಹೊಳೆಯಿತು — ಬೂಟಿನಂಗಡಿಯ ಯಂತ್ರದ ಚಕ್ರಕ್ಕೆ ಹೊಟ್ಟೆ ಇತ್ತು! ನಡುವೆ ಒಂದಿಷ್ಟು ಉಬ್ಬು. ಅಷ್ಟು ವರ್ಷ ಅದರ ಮೇಲಿನ ಬೂದಿ ಬಣ್ಣದ ಪುಡಿ ಒರೆಸಿದ ಕೈಗೆ ಗೊತ್ತಿತ್ತು, ತಲೆಗೆ ಗೊತ್ತಿರಲಿಲ್ಲ.

ಬಡಗಿ ಅಣ್ಣ ಒಪ್ಪಲಿಲ್ಲ. ಅವನ ಕಸುಬಿನಲ್ಲಿ ಉಬ್ಬು ಅಂದರೆ ತಪ್ಪು. ಆದರೂ ಮೇಲಿನ ಚಕ್ರದ ನಡುವಿಗೆ ಟೇಪು ಸುತ್ತಿದೆ. ಸ್ವಿಚ್ ಹಾಕಿದೆ. ಬೆಲ್ಟ್ ಅತ್ತಿತ್ತ ಓಲಾಡಿ ನಡುವಿಗೆ ಬಂದು, ಮಾವನ ಮನೆಗೆ ಬಂದ ಅಳಿಯನ ಹಾಗೆ ಕೂತುಬಿಟ್ಟಿತು. ಬಡಗಿ ಅಣ್ಣ ಮನೆಗೆ ಹೋಗಿ ಹೆಂಡತಿಯನ್ನು ಕರೆತಂದು ತೋರಿಸಿದ, ತಾನೇ ಮಾಡಿದವನ ಹಾಗೆ. ಅರ್ಧ ಅವನೇ ಮಾಡಿದ್ದು ತಾನೇ. ಕಣ್ಣು ತುಂಬಿಬಂತು. ಪುಡಿ ಬಿತ್ತು ಎಂದೆ.

ಮಾರ್ಚ್ 16, ಭಾನುವಾರ

ಅಕ್ಕ ಬಂದಳು. ಮೆಟ್ಟಿಲ ಮೇಲೆ ಅವಳ ಸದ್ದು ಚಿಕ್ಕಂದಿನಿಂದ ಅದೇ — ಒಂದು ಹೆಜ್ಜೆ ಭಾರ, ಒಂದು ಹಗುರ. ಧಪ್, ಟಕ್. ನಿದ್ದೆಗಣ್ಣಲ್ಲೂ ಗುರುತು ಹಿಡಿಯುತ್ತೇನೆ. ಸೈಕಲ್ ಹತ್ತಿದರೆ ಮಾತ್ರ ಅವಳ ಎರಡು ಕಾಲೂ ಸಮ. ನನಗೆ ಸೈಕಲ್ ಕಲಿಸಿದವಳೂ ಅವಳೇ.

ಶೆಡ್ಡಿನಲ್ಲಿ ಯಂತ್ರದ ಪಕ್ಕ ನಿಲ್ಲಿಸಿ, ಎಡಪಾದದ ಕೆಳಗೆ ರಬ್ಬರ್ ಹಾಳೆ ಇಡುತ್ತಾ ಹೋದೆ, ಸೊಂಟದ ಎರಡು ಮೂಳೆ ಮಟ್ಟಕ್ಕೆ ಬರುವ ತನಕ. ಅಂಟಿಸಿದೆ. ಉಜ್ಜಿದೆ. ಬೆಣ್ಣೆ ಸವರಿದಂಥ ಅಟ್ಟೆ! ಅಕ್ಕ ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು.

ಮಾರ್ಚ್ 21, ಸಂಜೆ

ಭಾವ ಒಬ್ಬರೇ ಬಂದರು. ಅಕ್ಕನ ಸೊಂಟದ ನೋವು ಮೊದಲಿಗಿಂತ ಹೆಚ್ಚಾಗಿದೆಯಂತೆ. ಬೂಟು ಬಿಚ್ಚು ಎಂದರೂ ಕೇಳಿಲ್ಲವಂತೆ. ಸೋಮವಾರ ಅಂಗಡಿಗೆ ಹೋಗಿ ಕೆಲಸ ಬಿಡುವ ಮಾತು ಹೇಳಿಬರುತ್ತಾಳಂತೆ.

ಊಟ ಸೇರಲಿಲ್ಲ.

ಮಾರ್ಚ್ 22

ಕೋಪದಲ್ಲಿ ಶೆಡ್ ಗುಡಿಸುತ್ತಿದ್ದೆ. ಪೊರಕೆಗೆ ಹಲಗೆ ಚೂರು ತಗುಲಿತು. ಯಂತ್ರದ ಕಾಲಿನ ಕೆಳಗಿನದು. ಅಲ್ಲೇ ಕೂತುಬಿಟ್ಟೆ.

ನೆಲ ಇಳಿಜಾರು ಎಂದು ಯಂತ್ರಕ್ಕೆ ಹಲಗೆ ಕೊಟ್ಟವಳು, ಅದೇ ನೆಲದ ಮೇಲೆ ಅಕ್ಕನನ್ನು ನಿಲ್ಲಿಸಿ ಅಳೆದಿದ್ದೇನೆ! ಎಡಗಾಲು ಮೋರಿಯ ಕಡೆಗೆ, ತಗ್ಗಿನಲ್ಲಿತ್ತು. ಅದಕ್ಕೇ ಅಟ್ಟೆ ಅಗತ್ಯಕ್ಕಿಂತ ದಪ್ಪ. ಭಾವನಿಗೆ ಫೋನ್ ಮಾಡಿ ಹೇಳಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕರು. ನಮ್ಮ ನೆಲ ನಿಜವಾಗಿಯೂ ಡೊಂಕು ಭಾವ, ಅಕ್ಕನನ್ನು ಕರೆತನ್ನಿ ಎಂದೆ.

ಸದ್ಯ, ದಪ್ಪವಾಯಿತು. ಹೆಚ್ಚಾದದ್ದನ್ನು ತೆಗೆಯಲು ಯಂತ್ರ ಇದೆಯಲ್ಲ.

ಮಾರ್ಚ್ 23

ಮೇಲೆ, ಮನೆಯ ಹಾಲ್‌ನಲ್ಲಿ ಅಳೆದೆವು. ಬಡಗಿ ಅಣ್ಣ ರಸಮಟ್ಟ ಇಟ್ಟು ನೆಲಕ್ಕೆ ಸರ್ಟಿಫಿಕೇಟ್ ಕೊಟ್ಟ ಮೇಲೆಯೇ. ಉಜ್ಜುವುದು, ಹಾಕಿಸುವುದು, ನಡೆಸುವುದು, ಮತ್ತೆ ಉಜ್ಜುವುದು. ಅಕ್ಕ ಬರಿಗಾಲಲ್ಲಿ ಶೆಡ್ಡಿನ ಬೆಂಚಿನ ಮೇಲೆ ಕೂತು ಕಾಲಾಡಿಸುತ್ತಿದ್ದಳು. ನೋವು ಅಂತ ಯಾಕೆ ಹೇಳಲಿಲ್ಲ ಎಂದು ಗದರಿದೆ.

"ನೀನು ಮಾಡಿದ್ದಲ್ವೇನೇ," ಅಂದಳು. "ನನ್ನ ಸೊಂಟಕ್ಕೇ ನೆಟ್ಟಗಿರೋದು ಗೊತ್ತಿಲ್ಲ ಅಂದ್ಕೊಂಡೆ."

ಮತ್ತೆ ಸ್ವಿಚ್ ಹಾಕಿದೆ. ಬೆಲ್ಟಿನ ಸದ್ದಿನಲ್ಲಿ ನಾನು ಮೂಗು ಏರಿಸಿದ್ದು ಕೇಳಿಸಿರಲಿಕ್ಕಿಲ್ಲ. ಇಂಥ ಅಕ್ಕನ ಬೆನ್ನಿಗೆ ಹುಟ್ಟಿದ್ದು ನನ್ನ ಪುಣ್ಯ.

ನಾಳೆ ಒಂದು ದಿನ ಪೂರ್ತಿ ನಿಂತು ನೋಡುತ್ತಾಳಂತೆ. ಆಗದಿದ್ದರೆ ಸಂಜೆಯೇ ಅಂಗಡಿಯ ಯಜಮಾನರಿಗೆ ಹೇಳಿ ಬರುತ್ತಾಳಂತೆ.

ಮಾರ್ಚ್ 24, ಸಂಜೆ ಏಳೂವರೆ

ಅಕ್ಕನ ಅಂಗಡಿ ಪಾಳಿ ಮುಗಿದು ಬಹಳ ಹೊತ್ತಾಯಿತು. ಫೋನ್ ಇಲ್ಲ. ನಾನೂ ಮಾಡಲಿಲ್ಲ, ಧೈರ್ಯ ಸಾಲದು. ಚಹಾ ಎರಡು ಸಲ ಬಿಸಿ ಮಾಡಿದೆ. ಕೈ ಸುಮ್ಮನಿರುವುದಿಲ್ಲವೆಂದು ಬರೆಯುತ್ತಿದ್ದೇನೆ. ಏನೇ ಆಗಲಿ, ಆ ಮೋಟಾರು, ಆ ಚಕ್ರ, ಆ ಸ್ಪ್ರಿಂಗು... ಎಲ್ಲ ಒಬ್ಬೊಬ್ಬರು ಕೊಟ್ಟದ್ದು. ಎಲ್ಲರೂ ಚೆನ್ನಾಗಿರಲಿ.

ಮೆಟ್ಟಿಲ ಮೇಲೆ ಯಾರೋ. ಅಕ್ಕ ಅಲ್ಲ. ಹೆಜ್ಜೆ ಎರಡೂ ಒಂದೇ ಸಮ. ಬಡಗಿ ಅಣ್ಣನ ಹೆಂಡತಿ ಇರಬೇಕು, ಪಾತ್ರೆ ವಾಪಸ್ಸು ತಂದಿರುತ್ತಾಳೆ.

ಬಾಗಿಲು ಬಡಿಯುತ್ತಿದೆ.

"ಪುಟ್ಟಿ, ತೆಗಿಯೇ ಬೇಗ. ಕೂತ್ಕೊಳೋಕೆ ಹೊತ್ತಿಲ್ಲ, ನಾಳೆ ಬೆಳಗಿನ ಪಾಳಿ ನಂದೇ."

ಅಯ್ಯೋ, ಅಕ್ಕ—